ಕೊರಳಿಗೆ ಪಟ್ಟಿ ಕಟ್ಟುವ ಮುಂಚೆ

1968ರ ಏಪ್ರಿಲ್ 4ರಂದು, ಅಮೆರಿಕದ ಕರಿಯರ ಸಮಾನ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಯ್ತು. ಮಾರನೇ ದಿನವೇ ಅಮೆರಿಕದ ಅಯೋವಾ ರಾಜ್ಯದ ರೈಸ್‌ವಿಲ್ ಅನ್ನೋ ಸಣ್ಣ ಊರಲ್ಲಿ ಜೇನ್ ಎಲಿಯಟ್ ಎಂಬ ಶಿಕ್ಷಕಿ ತಮ್ಮ ಮೂರನೇ ತರಗತಿ ಮಕ್ಕಳನ್ನ ಕಣ್ಣಿನ ಬಣ್ಣ ನೋಡಿ ಎರಡು ಪಾಲು ಮಾಡಿದರು. ತಾರತಮ್ಯವನ್ನ ಅನುಭವಿಸಿಯೇ ಕಲೀಲಿ ಅಂತ ಈಗಲೂ ಎಷ್ಟೋ ಕಡೆ ಇದನ್ನ ಮಾಡಿಸ್ತಾರೆ. ಬಹಳ ಜನ ಅದರ ಅರ್ಧ ಮಾತ್ರ ಮಾಡಿಸ್ತಾರೆ, ಅದೇ ಅಪಾಯ.

1970ರಲ್ಲಿ ಅವರು ಮತ್ತೆ ಮಾಡಿದ್ದು ಚಿತ್ರೀಕರಣ ಆಗಿದೆ. ಮೊದಲ ದಿನ ನೀಲಿ ಕಣ್ಣಿನವರು ಮೇಲು. ಅವರಿಗೆ ಆಟಕ್ಕೆ 5 ನಿಮಿಷ ಹೆಚ್ಚು, ಊಟಕ್ಕೆ ಎರಡನೇ ಸಲ ಬಡಿಸ್ಕೊಳ್ಳಬಹುದು. ಕಂದು ಕಣ್ಣಿನವರ ಕೊರಳಿಗೆ ಬಟ್ಟೆ ಪಟ್ಟಿ. ನೀರು ಕುಡಿಯೋದು ಕಾಗದದ ಲೋಟದಲ್ಲೇ. ನಮ್ಮ ಹಳ್ಳಿ ಹೋಟೆಲುಗಳ ಬೇರೆ ಲೋಟ ನೆನಪಾಗ್ದೆ ಇರುತ್ತಾ?

ಆದರೆ ನೋಡಿ, ಮಕ್ಕಳನ್ನ ಹೆಚ್ಚು ಕುಗ್ಗಿಸಿದ್ದು ಟೀಚರ್ ದಿನವಿಡೀ ಆಡಿದ ಸಣ್ಣಪುಟ್ಟ ಮಾತುಗಳು. ಒಬ್ಬಳು ಪುಸ್ತಕ ತೆರೆಯೋದು ತಡವಾದರೆ ಅದಕ್ಕೂ ಕಣ್ಣಿನ ಬಣ್ಣವೇ ಕಾರಣ. ಅಕ್ಷರದ ಕಾರ್ಡುಗಳ ಒಂದು ಕಟ್ಟು ಓದಿ ಮುಗಿಸೋಕೆ ಪಟ್ಟಿ ಕಟ್ಟಿದ ದಿನ ಕಂದು ಕಣ್ಣಿನವರಿಗೆ ಐದೂವರೆ ನಿಮಿಷ ಹಿಡೀತು. ಪಟ್ಟಿ ಬಿಚ್ಚಿದ ಮರುದಿನ ಎರಡೂವರೆ ನಿಮಿಷ ಸಾಕಾಯ್ತು. ಮಕ್ಕಳು ಅವೇ, ಕಾರ್ಡುಗಳೂ ಅವೇ.

ಬಿಟ್ಟುಹೋಗೋ ಅರ್ಧ ಎರಡನೇ ದಿನದ್ದು. ಗುಂಪುಗಳನ್ನ ಅದಲುಬದಲು ಮಾಡದಿದ್ದರೆ ಮೇಲಾದವರು ಮೇಲರಿಮೆಯ ರುಚಿ ಮಾತ್ರ ಹೊತ್ತು ಮನೆಗೆ ಹೋಗ್ತಾರೆ. ಆಮೇಲೆ ಮಾತುಕತೆ. ಇದು ಕೊನೇ 10 ನಿಮಿಷದಲ್ಲಿ ಮುಗಿಸೋ ಕೆಲಸ ಅಲ್ಲ, ಪ್ರಯೋಗಕ್ಕೆ ಕೊಟ್ಟಷ್ಟೇ ಹೊತ್ತು ಇದಕ್ಕೂ ಬೇಕು. ಏನನ್ನಿಸ್ತು ಅಂತಷ್ಟೇ ಕೇಳಬೇಡಿ. ನಿಯಮ ಮಾಡಿದ್ದು ಯಾರು, ಯಾರೂ ಯಾಕೆ ಎದುರು ಮಾತಾಡಲಿಲ್ಲ ಅಂತ ಕೇಳಿ. ಪೋಷಕರ ಒಪ್ಪಿಗೆ ಇಲ್ಲದೆ, ಬೇಡ ಅಂದ ಮಗುವಿಗೆ ಹೊರಗಿರೋ ದಾರಿ ಇಲ್ಲದೆ, ಶುರು ಮಾಡಲೇಬೇಡಿ.

ಅಂಗವೈಕಲ್ಯ ತಿಳಿಸೋಕೆ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸೋದೂ ಇದೆ. ಇದರಲ್ಲಿ ಅನುಕಂಪ ಹೆಚ್ಚುತ್ತೆ, ಗೌರವ ಹೆಚ್ಚೋದು ಅನುಮಾನ. ಬಟ್ಟೆ ಕಟ್ಟಿಕೊಂಡವರು ಆಮೇಲೆ ಅಂಧರನ್ನ ಕೆಲಸಕ್ಕೆ, ಸ್ವತಂತ್ರ ಬದುಕಿಗೆ ಇನ್ನೂ ಕಡಿಮೆ ಸಮರ್ಥರು ಅಂತ ಅಂದಾಜು ಮಾಡಿದ್ದು ಅಮೆರಿಕದ ಅಧ್ಯಯನದಲ್ಲೇ ಕಂಡಿದೆ. ಕಾರಣ ಸರಳ. ಅವರಿಗೆ ಸಿಕ್ಕಿದ್ದು ದೃಷ್ಟಿ ಹೋದ ಮೊದಲ ಗಳಿಗೆಯ ಗಾಬರಿ, ವರ್ಷಗಟ್ಟಲೆ ಬಿಳಿ ಕೋಲು ಹಿಡಿದು ಪಳಗಿದವರ ನಡಿಗೆ ಅಲ್ಲ. ಆ ಹೊತ್ತನ್ನ ಅಂಧ ತರಬೇತುದಾರರಿಗೆ ಕೊಡಿ, ಸಂಭಾವನೆ ಸಮೇತ.

ಇನ್ನು ಜಾತಿ. ತರಗತಿಯಲ್ಲಿ ಜಾತಿಯ ನಾಟಕ ಆಡಿಸಲೇಬೇಡಿ. ರೈಸ್‌ವಿಲ್‌ನ ಆ ಮಕ್ಕಳೆಲ್ಲ ಬಿಳಿಯರು, ಶಾಲೆ ಬಿಟ್ಟ ಮೇಲೆ ಕಣ್ಣಿನ ಬಣ್ಣಕ್ಕೆ ಬೆಲೆ ಇರಲಿಲ್ಲ. ನಮ್ಮಲ್ಲಿ ಬೆಂಚಿನ ಮೇಲೆ ಕೂತ ಮಗುವಿಗೆ ಆ ಅನುಭವ ಆಗಲೇ ಆಗಿರುತ್ತೆ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನ ಮಲದ ಗುಂಡಿಗಿಳಿಸಿದ ಸುದ್ದಿ ನೀವೂ ನೋಡಿರ್ತೀರಿ. ಅಂಥ ಮಗುವಿನ ನೋವನ್ನ ಇತರರಿಗೆ ಪಾಠ ಮಾಡೋಕೆ ಮತ್ತೆ ಕೆದಕೋದು ಕ್ರೌರ್ಯ.

ಅಲ್ಲಿ ಕಲಿಯಬೇಕಾದವರು ಮೇಷ್ಟ್ರುಗಳು. ಒಂದು ವಾರ ನೋಟ್‌ಬುಕ್ಕಲ್ಲಿ ಬರೀರಿ: ಕಸ ಗುಡಿಸಿದ್ದು ಯಾರು, ಶೌಚಾಲಯಕ್ಕೆ ನೀರು ಹಾಕಿದ್ದು ಯಾರು, ಬಿಸಿಯೂಟಕ್ಕೆ ಯಾರ ಪಕ್ಕ ಯಾರು ಕೂತರು, ಪ್ರಶ್ನೆ ಕೇಳಿದಾಗ ನೀವು ಯಾರ ಹೆಸರು ಕರೆದಿರಿ. ಹೆಸರು ಸಾಕು. ಜಾತಿ ಕೇಳಬೇಡಿ, ಮಕ್ಕಳ ಕೈಲಿ ಬರೆಸಬೇಡಿ. ಶನಿವಾರ ಶಿಕ್ಷಕರೆಲ್ಲ ಕೂತು ಓದಿ. ಅದೇ ನಾಲ್ಕು ಹೆಸರು ಪೊರಕೆಯ ಎದುರೇ ಬರ್ತಾ ಇದ್ದರೆ ಸೋಮವಾರದಿಂದ ಕೆಲಸದ ಸರದಿ ಬದಲಿಸಿ, ಶೌಚಾಲಯದ ಕೆಲಸ ಮಕ್ಕಳಿಂದ ಪೂರ್ತಿ ತೆಗೀರಿ. ತಿಂಗಳು ಬಿಟ್ಟು ಮತ್ತೊಂದು ವಾರ ಬರೀರಿ.