ಮಗು ಮಲಗಿದ ಮೇಲೆ ಗಾಥಮ್

ಎಲ್ಲರಿಗೂ ನಮಸ್ಕಾರ.

ನನ್ನ ಮಗನಿಗೆ ಆಗ ಎರಡು ವರ್ಷ. ಅವನು ಮಲಗುತ್ತಿದ್ದದ್ದು ರಾತ್ರಿ ಹತ್ತಕ್ಕೆ. ಪಾತ್ರೆ ತೊಳೆದು, ಕಾಳು ನೆನೆಹಾಕಿ, ಚಿಲಕ ಹಾಕಿ ಕೂರುವಷ್ಟರಲ್ಲಿ ಹತ್ತೂವರೆ. ಹನ್ನೊಂದೂಕಾಲಿಗೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ನಡುವೆ ಸಿಗುತ್ತಿದ್ದ ಆ ಮುಕ್ಕಾಲು ಗಂಟೆ, ಒಂದು ವಿಡಿಯೋ ಗೇಮ್‌ನಲ್ಲಿ, ನಾನು ಗಾಥಮ್ ಅನ್ನೋ ಊರು ಕಾಯುವ ಬ್ಯಾಟ್‌ಮನ್. ಇವತ್ತು ಆ ಮುಕ್ಕಾಲು ಗಂಟೆಯ ಬಗ್ಗೆ ಮಾತಾಡಲು ಬಂದಿದ್ದೇನೆ.

ಟೆಲ್‌ಟೇಲ್ ಅನ್ನೋದು ಕ್ಯಾಲಿಫೋರ್ನಿಯಾದ ಸ್ಯಾನ್ ರಫೇಲ್‌ನಲ್ಲಿದ್ದ ವಿಡಿಯೋ ಗೇಮ್ ಕಂಪನಿ. 2016ರಲ್ಲಿ ಅವರು ಬ್ಯಾಟ್‌ಮನ್ ಕಥೆಯನ್ನು ಐದು ಕಂತುಗಳ ಆಟ ಮಾಡಿ ತಂದರು. ಮೊದಲ ಕಂತು ಆಗಸ್ಟ್ 2ಕ್ಕೆ, ಎರಡನೆಯದು ಸೆಪ್ಟೆಂಬರ್ 20ಕ್ಕೆ, ಕೊನೆಯದು ಡಿಸೆಂಬರ್ 13ಕ್ಕೆ. ಒಂದು ಕಂತಿಗೆ ಒಂದೂವರೆ, ಎರಡು ಗಂಟೆ ಸಾಕು. ನನಗೆ ಅದು ಮೂರು ರಾತ್ರಿ. ಮಗನಿಗೆ ಜ್ವರ ಬಂದ ವಾರ ಆಟವೇ ಇಲ್ಲ.

ಹೊಡೆದಾಟ ಇದೆ. ತೆರೆಯ ಮೇಲೆ ತೋರಿಸಿದ ಬಟನ್ ಸರಿಯಾದ ಹೊತ್ತಿಗೆ ಒತ್ತಬೇಕು, ಅಷ್ಟೇ. ಆಟದ ಜೀವ ಇರೋದು ಮಾತಿನಲ್ಲಿ. ಎದುರಿಗಿರುವವರು ಏನೋ ಕೇಳುತ್ತಾರೆ. ಕೆಳಗೆ ಸಾಮಾನ್ಯವಾಗಿ ಮೂರು ಉತ್ತರ, ನಾಲ್ಕನೆಯದು ಮೌನ. ಒಂದು ಗೆರೆ ಸವೆಯುತ್ತಾ ಬರುತ್ತದೆ. ಅದು ಮುಗಿಯುವುದರೊಳಗೆ ಆರಿಸಬೇಕು. ಇಲ್ಲದಿದ್ದರೆ ನೀವು ಸುಮ್ಮನಿದ್ದಿರಿ ಅಂತ ಲೆಕ್ಕ.

ಒಂದು ರಾತ್ರಿ ಹಾಗೇ ಆಯಿತು. ಇಯರ್‌ಫೋನ್ ಒಂದು ಕಿವಿಯಲ್ಲಿ, ಇನ್ನೊಂದು ಕಿವಿ ರೂಮಿನ ಕಡೆ. ಬ್ಯಾಟ್‌ಮನ್ ಮನೆಯ ಬಟ್ಲರ್ ಆಲ್ಫ್ರೆಡ್ ಏನೋ ಕೇಳಿದ. ಅದೇ ಹೊತ್ತಿಗೆ ಒಳಗಿಂದ 'ಅಮ್ಮಾ' ಅಂತ ಅಳು. ಆಟ ತಡೆಯುವ ಬಟನ್ ಒತ್ತೋದು ಕೂಡ ನೆನಪಾಗಲಿಲ್ಲ. ಕಂಟ್ರೋಲರ್ ಸೋಫಾ ಮೇಲೆ ಎಸೆದು ಓಡಿದೆ. ತಟ್ಟಿ ಮಲಗಿಸಿ ವಾಪಸ್ ಬಂದರೆ ಬ್ರೂಸ್, ಅಂದರೆ ಮುಖವಾಡ ತೆಗೆದ ಬ್ಯಾಟ್‌ಮನ್, ಉತ್ತರ ಕೊಡದೆ ನಿಂತಿದ್ದ, ಮಾತು ಮುಂದೆ ಹೋಗಿಬಿಟ್ಟಿತ್ತು. ನನಗೆ ತುಂಬಾ ಬೇಜಾರಾಯಿತು. ಅವತ್ತು ಸಂಜೆ ಮಗ ಮೂರು ಸಲ ಏನೋ ಕೇಳಿದ್ದ, ನಾನು ಲ್ಯಾಪ್‌ಟಾಪ್ ನೋಡುತ್ತಾ ಉತ್ತರ ಕೊಟ್ಟಿರಲಿಲ್ಲ. ಅದು ನೆನಪಾಗಿದ್ದು ಆಗ.

ಮಕ್ಕಳಿರುವವರಿಗೆ ಒಂದು ಮಾತು. ಈ ಆಟ ಬೇಕಾದ ಕಡೆ ಸೇವ್ ಮಾಡೋಕೆ ಬಿಡಲ್ಲ, ತಾನೇ ಅಲ್ಲಲ್ಲಿ ಮಾಡಿಕೊಳ್ಳುತ್ತದೆ. ದೃಶ್ಯದ ನಡುವೆ ಆಟ ಮುಚ್ಚಿದರೆ ಮತ್ತೆ ಸ್ವಲ್ಪ ಹಿಂದಿನಿಂದ ಆಡಬೇಕು. ಸಬ್‌ಟೈಟಲ್ ಹಾಕಿಕೊಳ್ಳಿ, ಸದ್ದು ಕಮ್ಮಿ ಇಟ್ಟರೂ ಮಾತು ತಪ್ಪಲ್ಲ. ಮಕ್ಕಳು ಎದ್ದಿರುವಾಗ ಮಾತ್ರ ಹಾಕಲೇಬೇಡಿ. ರಕ್ತ, ಬೈಗುಳ ಎಲ್ಲಾ ಇದೆ.

ಮದುವೆಗೆ ಮುಂಚೆ ಆಡಿದ್ದರೆ ನಾನು ಬ್ರೂಸ್ ವೇನ್‌ನನ್ನೇ ನೋಡುತ್ತಿದ್ದೆ. ಈಗ ಕಣ್ಣು ಹೋಗಿದ್ದು ಆಲ್ಫ್ರೆಡ್ ಕಡೆಗೆ. ಅಪ್ಪ ಅಮ್ಮ ಕೊಲೆಯಾದ ಹುಡುಗನನ್ನು ಸಾಕಿ ಬೆಳೆಸಿದವನು ಅವನು. ಈ ಆಟದ ಕಥೆಯಲ್ಲಿ ಬ್ರೂಸ್‌ಗೆ ಒಂದು ಕೆಟ್ಟ ಸತ್ಯ ಗೊತ್ತಾಗುತ್ತದೆ. ಅವನ ಅಪ್ಪ ಥಾಮಸ್ ವೇನ್ ದೇವರಂಥ ಡಾಕ್ಟರ್ ಅಲ್ಲ. ಊರಿನ ರೌಡಿ ಫಾಲ್ಕೋನಿ ಜೊತೆ ಸೇರಿ, ಅಡ್ಡ ಬಂದವರನ್ನು ಆರ್ಕಮ್ ಹುಚ್ಚಾಸ್ಪತ್ರೆಗೆ ತಳ್ಳಿದವನು. ಆಲ್ಫ್ರೆಡ್‌ಗೆ ಇದು ಗೊತ್ತಿತ್ತು. ಇಷ್ಟು ವರ್ಷ ಹೇಳಿರಲಿಲ್ಲ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಕಾ ಬೇಡವಾ ಅಂತ ಆಟ ನಮ್ಮನ್ನೇ ಕೇಳುತ್ತದೆ. ಗೆರೆ ಸವೆಯುತ್ತಿದೆ. ಹೆತ್ತವರ ಫೋಟೋ ಬಿಟ್ಟು ಬೇರೇನೂ ಇಲ್ಲದ ಮಗುವಿಗೆ ಆ ಮಾತು ಯಾರು ತಾನೇ ಹೇಳಿಯಾರು? ನಾನು ಸಿಟ್ಟಾಗಲಿಲ್ಲ.

ಎರಡನೇ ಕಂತಿನಲ್ಲಿ ಬ್ರೂಸ್‌ನ ಗೆಳೆಯ, ಸರ್ಕಾರಿ ವಕೀಲ ಹಾರ್ವೆ ಡೆಂಟ್‌ನನ್ನು ಕಾಪಾಡಬೇಕಾ, ಕ್ಯಾಟ್‌ವುಮನ್ ವೇಷದಲ್ಲಿ ಕದಿಯುವ ಸೆಲೀನಾಳನ್ನಾ? ಹಾರ್ವೆಯನ್ನು ಬಿಟ್ಟರೆ ಅವನ ಅರ್ಧ ಮುಖ ಸುಡುತ್ತದೆ. ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ನನ್ನ ಗಂಡ "ಅಯ್ಯೋ, ಅವನನ್ನ ಯಾಕೆ ಬಿಟ್ಟೆ?" ಅಂದರು. ಅದೇ ಜಗಳ ಮಾರನೇ ದಿನ ಅಡುಗೆಮನೆಯಲ್ಲೂ ನಡೆಯಿತು. ಅತ್ತೆ ಚಪಾತಿ ಲಟ್ಟಿಸುತ್ತಾ ಕೇಳಿಸಿಕೊಂಡರು. "ಯಾರಮ್ಮ ಅದು, ಮುಖ ಸುಟ್ಟುಕೊಂಡಿರೋದು?" ಅಂತ ಕೇಳಿದರು. ಪೂರ್ತಿ ಕಥೆ ಹೇಳಿದೆ. "ಮುಂದೆ?" ಅಂದರು. ಮುಂದಿನ ತಿಂಗಳು ಬರುತ್ತೆ ಅತ್ತೆ ಅಂದೆ. ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. 'ಸುಧಾ'ದಲ್ಲಿ ಧಾರಾವಾಹಿ ಓದಿ, ಮುಂದಿನ ಸಂಚಿಕೆಗೆ ವಾರವಿಡೀ ಕಾದವರು ಅವರು. ಅಲ್ಲಿಂದ ಪ್ರತಿ ಕಂತೂ ಬೆಳಿಗ್ಗೆ ಅವರಿಗೆ ಹೇಳೋದು ಪದ್ಧತಿಯಾಯಿತು.

ನನಗೆ ಈ ಕಾಯುವಿಕೆ ಇಷ್ಟವಾಗಿತ್ತು. ನೂರು ಗಂಟೆಯ ಆಟಗಳನ್ನು ಅರ್ಧಕ್ಕೆ ಬಿಟ್ಟು ಮನಸ್ಸಿಗೆ ಕಿರಿಕಿರಿ ಮಾಡಿಕೊಂಡವಳು ನಾನು. ಇಲ್ಲಿ ಹಾಗಿರಲಿಲ್ಲ, ಮುಂದಿನ ಕಂತು ಬಂದೇ ಇರುತ್ತಿರಲಿಲ್ಲ. ನಾನು ಹಿಂದೆ ಬೀಳುತ್ತಿರಲಿಲ್ಲ. ರಾತ್ರಿ ಆತುರದಲ್ಲಿ ಕೊಟ್ಟ ಒಂದು ಉತ್ತರವನ್ನು ಬಸ್ಸಿನಲ್ಲಿ, ಡಬ್ಬಿ ಕಟ್ಟುವಾಗ, ಹೋಮ್‌ವರ್ಕ್ ಇಲ್ಲದ ಆ ದಿನಗಳಲ್ಲಿ ಮಗನಿಗೆ ಸ್ನಾನ ಮಾಡಿಸುವಾಗ ಯೋಚಿಸಬಹುದಿತ್ತು.

ಇದನ್ನು ಮಾಡಿದವರ ಪಾಡೂ ಹೇಳಬೇಕು. 2018ರ ಸೆಪ್ಟೆಂಬರ್ 21ರಂದು ಟೆಲ್‌ಟೇಲ್ ಸುಮಾರು 250 ಜನರನ್ನು ಒಂದೇ ದಿನ ಮನೆಗೆ ಕಳಿಸಿತು. ಕಂತು ಹೊತ್ತಿಗೆ ಸರಿಯಾಗಿ ಬರಲಿ ಅಂತ ಹಗಲು ರಾತ್ರಿ ದುಡಿದವರು. ಅವರ ಮನೆಯಲ್ಲೂ ಮಕ್ಕಳಿದ್ದಾರೆ ಅಲ್ವಾ? ನನ್ನ ಬಿಡುವು ಅವರ ನಿದ್ದೆಯಿಂದ ಬಂದಿದ್ದು ಅನ್ನೋದು ಇವತ್ತಿಗೂ ಚುಚ್ಚುತ್ತದೆ. ಅಲ್ಲಿದ್ದ ಕೆಲವರು ಸೇರಿ ಆಡ್‌ಹಾಕ್ ಅನ್ನೋ ಸ್ಟುಡಿಯೋ ಕಟ್ಟಿ, 2025ರಲ್ಲಿ 'ಡಿಸ್ಪ್ಯಾಚ್' ಎಂಬ ಸೂಪರ್‌ಹೀರೋ ಆಟ ತಂದರು. ಎಂಟು ಕಂತು, ವಾರಕ್ಕೆ ಎರಡು. ಅದು ಬಂದಾಗ ನನಗೆ ನಿಜಕ್ಕೂ ಖುಷಿಯಾಯಿತು.

ಕಂಪನಿ ಮುಚ್ಚುವ ಮುಂಚೆ ಬ್ಯಾಟ್‌ಮನ್ ಎರಡನೇ ಭಾಗವೂ ಬಂದಿತ್ತು. ಅದರಲ್ಲಿ ಬ್ಯಾಟ್‌ಮನ್‌ನ ಹೆಸರಾಂತ ಶತ್ರು ಜೋಕರ್ ಇನ್ನೂ ಜೋಕರ್ ಆಗಿಲ್ಲ. ಜಾನ್ ಡೋ ಅಂತ ಹೆಸರು, ಬ್ರೂಸ್‌ನನ್ನೇ ನೋಡಿ ಕಲಿಯುತ್ತಾನೆ. ನಾವು ಅವನನ್ನು ನಂಬಿದರೆ ಒಂದು ಥರ, ಅನುಮಾನಿಸಿದರೆ ಇನ್ನೊಂದು ಥರ ಆಗುತ್ತಾನೆ. ಆದರೆ ಅಲ್ಲೂ ನಾನು ನೋಡುತ್ತಿದ್ದದ್ದು ಆಲ್ಫ್ರೆಡ್‌ನನ್ನೇ. ಮೊದಲ ಭಾಗದ ಕೊನೆಯಲ್ಲಿ ಶತ್ರುವಿನ ಕೈಗೆ ಸಿಕ್ಕು ನರಳಿದವನು. ಈಗ ಅವನ ಕೈ ನಡುಗುತ್ತದೆ. ಬ್ರೂಸ್‌ಗೆ ಕಾಣದ ಹಾಗೆ ಮುಚ್ಚಿಡಲು ನೋಡುತ್ತಾನೆ.

ಕೊನೆಯಲ್ಲಿ ಅವನು ಮನೆ ಬಿಟ್ಟು ಹೊರಡಲು ನಿಲ್ಲುತ್ತಾನೆ. ಬ್ಯಾಟ್‌ಮನ್ ಕೆಲಸ ಬಿಟ್ಟರೆ ಆಲ್ಫ್ರೆಡ್ ಇರುತ್ತಾನೆ. ಬಿಡದಿದ್ದರೆ ಹೋಗುತ್ತಾನೆ. ನಾನು ಕೆಲಸ ಬಿಟ್ಟೆ. ವಾರದ ನಂತರ ಆಡಿದ ನನ್ನ ಗಂಡ ಊರು ಕಾಯೋದನ್ನೇ ಆರಿಸಿಕೊಂಡರು. ಎರಡನ್ನೂ ಅತ್ತೆಗೆ ಹೇಳಿದೆ. ಅವರು ಲಟ್ಟಣಿಗೆ ಕೆಳಗಿಟ್ಟು, ನನ್ನ ಕಥೆಯ ಬಗ್ಗೆ ಒಂದೇ ಪ್ರಶ್ನೆ ಕೇಳಿದರು: "ಆ ಅಜ್ಜನ ಕೈ ನಡುಗೋದು ನಿಲ್ತಾ?"