ಕಂಡಿಕೆ ಸುತ್ತುವ ಕೈಗೆ ಕೂಲಿ ಎಷ್ಟು?

ಕೇಳುಗರಿಗೆಲ್ಲ ನಮಸ್ಕಾರ.

ಇಳಕಲ್‌ನ ನೇಕಾರರ ಓಣಿಗೆ ಮಧ್ಯಾಹ್ನದ ಹೊತ್ತು ಹೋಗಿ ನೋಡಿ. ಮೊದಲು ಕೇಳಿಸುವುದು ಮಗ್ಗದ ಸಪ್ಪಳ. ಸ್ವಲ್ಪ ನಿಂತು ಕಿವಿಗೊಟ್ಟರೆ ಇನ್ನೊಂದು ಸಣ್ಣ ಸದ್ದು. ಕಿರ್ರ್ ಅಂತ ರಾಟಿ ತಿರುಗುವುದು. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತವನು ಗಂಡಸು, ಬಾಗಿಲ ಹತ್ತಿರ ರಾಟಿ ಹಿಡಿದವಳು ಹೆಂಗಸು. ಹೆಂಗಸರು ನೇಯುವುದೇ ಇಲ್ಲ ಅಂತಲ್ಲ, ನೇಯುತ್ತಾರೆ. ಆದರೆ ಬಹಳ ಮನೆಗಳಲ್ಲಿ ನೋಟ ಇದೇ.

ನಮ್ಮ ಸೋದರಮಾವನ ಮನೆಯೂ ಹಾಗೇ. ಅತ್ತೆ ನೂಲನ್ನು ಕಂಡಿಕೆಗೆ, ಅಂದರೆ ಸಣ್ಣ ಕೊಳವೆಗೆ, ಸುತ್ತಿ ಕೊಡಬೇಕು, ಕಂಡಿಕೆ ಅಡ್ಡ ನೂಲು ಹಾಯಿಸುವ ಲಾಳಿಯೊಳಗೆ ಕೂರಬೇಕು, ಆಮೇಲೆ ತಾನೇ ನೇಯ್ಗೆ? ಇಳಕಲ್ ಸೀರೆಯ ಮೈಗೆ ಒಂದು ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಸೆರಗಿಗೆ ಬೇರೆ ಹಾಸು. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಜೋಡಿಸಬೇಕು. ಅದಕ್ಕೂ ಅತ್ತೆಯ ಬೆರಳು ಬೇಕು. ಸೀರೆ ಮುಗಿದ ಮೇಲೆ ಕೂಲಿ ಬರುವುದು ಮಾತ್ರ ಮಾವನ ಕೈಗೆ.

ಒಮ್ಮೆ ಮನೆಗೆ ಯಾರೋ ಸಮೀಕ್ಷೆಯವರು ಬಂದಿದ್ದರು. 'ನೀವೇನು ಕೆಲಸ ಮಾಡ್ತೀರಿ?' ಅಂತ ಕೇಳಿದರು. ಅತ್ತೆ, 'ಏನಿಲ್ರೀ, ಮನ್ಯಾಗ ಇರ್ತೀನಿ' ಅಂದರು. ಹೀಗೆ ಹೇಳುವಾಗಲೂ ರಾಟಿ ನಿಂತಿರಲಿಲ್ಲ!

ಈಗ ಅಂಥವರನ್ನೂ ಲೆಕ್ಕಕ್ಕೆ ಹಿಡಿಯುವ ಸಮೀಕ್ಷೆಗಳಿವೆ. ಕೇಂದ್ರ ಸರ್ಕಾರದ ಕಾರ್ಮಿಕ ಸಮೀಕ್ಷೆ ಪ್ರಕಾರ, 15 ವರ್ಷ ದಾಟಿದ ಹೆಣ್ಣುಮಕ್ಕಳಲ್ಲಿ ದುಡಿಯುವವರು ಮತ್ತು ಕೆಲಸ ಹುಡುಕುವವರು ಸೇರಿ 2017-18ರಲ್ಲಿ ನೂರಕ್ಕೆ 23 ಜನ ಇದ್ದರು. 2023-24ಕ್ಕೆ ಅದು ಸುಮಾರು 42 ಆಯಿತು. ಕೇಳಲು ಖುಷಿ, ಅಲ್ವಾ? ಆದರೆ ದುಡಿಯುವ ಹೆಂಗಸರಲ್ಲಿ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ಜನ ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ಕೈಜೋಡಿಸುವವರು. ಅಂದರೆ ನಮ್ಮ ಅತ್ತೆಯಂಥವರು. ಸಮಾನ ವೇತನದ ಕಾಯ್ದೆ ಬಂದದ್ದು 1976ರಲ್ಲಿ. ವೇತನವೇ ಇಲ್ಲದ ಕಡೆ ಯಾವುದಕ್ಕೆ ಸಮಾನ ಮಾಡೋಣ ಹೇಳಿ.

ಇನ್ನು ಅಡುಗೆ, ಕಸ, ಮುಸುರೆಯ ಮಾತು. 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, ಗಂಡಸರು 97. 2024ರಲ್ಲಿ ಹೆಂಗಸರದ್ದು 289ಕ್ಕೆ ಇಳಿಯಿತು. ಗಂಡಸರು ಆ ಹತ್ತು ನಿಮಿಷ ಹೊತ್ತುಕೊಂಡರೇನೋ ಅಂದುಕೊಂಡೆ. ಇಲ್ಲ, ಅವರದ್ದೂ 88ಕ್ಕೆ ಇಳಿದಿತ್ತು.

ಮಾವನ ಮಗಳು ಬಿ.ಕಾಂ. ಮುಗಿಸಿದಳು. ಹುನಗುಂದದ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿತು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲವಲ್ಲ, ಹಾಗಾಗಿ 'ಬರೋ ಪಗಾರೆಲ್ಲ ಬಸ್ಸಿಗೇ ಹೋಗ್ತದ' ಅನ್ನುವ ಮಾವನ ತಕರಾರು ನಡೆಯಲಿಲ್ಲ. ಸಂಬಳ ಅವಳದೇ ಖಾತೆಗೆ ಬೀಳುತ್ತದೆ. ಮೊದಲ ತಿಂಗಳು ಮೊಬೈಲಿಗೆ ಮೆಸೇಜ್ ಬಂದಾಗ ಅತ್ತೆ ಅದನ್ನು ಮೂರು ಸಲ ಓದಿಸಿಕೊಂಡರು. ಹಾಗಂತ ಬೆಳಗಿನ ರೊಟ್ಟಿ ತಪ್ಪಿಲ್ಲ. ಬಡಿದಿಟ್ಟೇ ಬಸ್ಸಿಗೆ ಓಡುತ್ತಾಳೆ.

ಆದರೆ ಮನೆಯಲ್ಲಿ ಒಂದು ಪೇಚು. ಅತ್ತೆಗೆ ಭುಜ ನೋವು ಶುರುವಾದ ಮೇಲೆ ಅರ್ಧ ಕಂಡಿಕೆ ಸುತ್ತುತ್ತಿದ್ದವಳು ಈ ಮಗಳೇ. ಈಗ ಮಗ್ಗ ಖಾಲಿ ನಿಲ್ಲತೊಡಗಿತು. ಕೊನೆಗೆ ಮಾವ ಪಕ್ಕದ ಮನೆಯಾಕೆಗೆ ಹೇಳಿದರು. ಆಕೆ ಸುಮ್ನೆ ಬರುತ್ತಾಳೆಯೇ? ಕಂಡಿಕೆ ಎಣಿಸಿ ದುಡ್ಡು ಕೇಳಿದಳು. ಮಾವ ಚೌಕಾಸಿ ಮಾಡಿ ಒಪ್ಪಿದರು.

ಶನಿವಾರ ಸಂಜೆ ನಾನೂ ಅಲ್ಲೇ ಇದ್ದೆ. ಮಾವ ನೋಟು ಎಣಿಸಿ ಆಕೆಗೆ ಕೊಟ್ಟರು. ಅತ್ತೆ ಗೋಡೆಗೆ ಒರಗಿ ನೋಡುತ್ತಿದ್ದರು. ಆಕೆ ಹೋದ ಮೇಲೆ ಮೆಲ್ಲಗೆ ಕೇಳಿದರು: 'ಹಂಗಾರ ಮೂವತ್ತು ವರ್ಷದ್ದು ನಂದೆಷ್ಟಾತು?'

ಮಾವ ಮಾತಾಡಲಿಲ್ಲ. ಕುಣಿಯೊಳಗೆ ಕಾಲು ಇಳಿಬಿಟ್ಟು ಲಾಳಿ ಎಸೆದರು.