ಕಟ್ ಹೇಳದ ನಾಲ್ಕು ಕಂತು: ‘ಅಡೋಲೆಸೆನ್ಸ್’ ಎರಡನೇ ಸಲ ನೋಡುವವರಿಗೆ

2025ರ ಸರಣಿಗಳಲ್ಲಿ ಎರಡನೇ ಸಲ ಕೂತು ನೋಡಲೇಬೇಕಾದದ್ದು ಯಾವುದು ಅಂತ ಕೇಳಿದರೆ ನಮ್ಮ ಉತ್ತರ ‘ಅಡೋಲೆಸೆನ್ಸ್’. 2025ರ ಮಾರ್ಚ್ 13ಕ್ಕೆ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ಬ್ರಿಟಿಷ್ ಸರಣಿ. ನಾಲ್ಕೇ ಕಂತು. ಮೊದಲ ಸಲ ನೋಡುವಾಗ ಕಥೆ ಎಳಕೊಂಡು ಹೋಗುತ್ತೆ, ಬೇರೆ ಏನೂ ಗಮನಕ್ಕೆ ಬರಲ್ಲ. ಎರಡನೇ ಸಲ ಕ್ಯಾಮೆರಾ ಕಾಣೋಕೆ ಶುರುವಾಗುತ್ತೆ. ಇವತ್ತಿನ ವಿಡಿಯೊ ಆ ಎರಡನೇ ಸಲಕ್ಕೆ. ಇನ್ನೂ ನೋಡಿಲ್ಲದವರು ಇಲ್ಲೇ ನಿಲ್ಲಿಸಿ, ಸರಣಿ ಮುಗಿಸಿ ಬನ್ನಿ. ಕಥೆ ಮುಚ್ಚಿಟ್ಟುಕೊಂಡು ಈ ಮಾತು ಆಡೋಕೆ ಆಗಲ್ಲ.

ನೋಡಿದವರಿಗೆ ನೆನಪಿಗೆ ಅಂತ ಎರಡು ಸಾಲು. ಉತ್ತರ ಇಂಗ್ಲೆಂಡ್‌ನ ಒಂದು ಸಾಧಾರಣ ಮನೆ. ಬೆಳ್ಳಂಬೆಳಗ್ಗೆ ಪೊಲೀಸರು ಬಾಗಿಲು ಒಡೆದು ನುಗ್ಗುತ್ತಾರೆ. ಹಿಡಿಯೋಕೆ ಬಂದಿರೋದು 13 ವರ್ಷದ ಜೇಮಿ ಮಿಲ್ಲರ್‌ನನ್ನ. ಆರೋಪ, ಅವನದೇ ಶಾಲೆಯ ಹುಡುಗಿ ಕೇಟಿಯ ಕೊಲೆ. ಮಾಡಿದ್ದು ಯಾರು ಅನ್ನೋ ಪ್ರಶ್ನೆ ಮೊದಲ ಕಂತಿನ ಕೊನೆಯ ಸಿಸಿಟಿವಿ ದೃಶ್ಯದಲ್ಲೇ ಮುಗಿದುಹೋಗುತ್ತೆ. ಮಿಕ್ಕಿದ್ದೆಲ್ಲ ‘ಯಾಕೆ’ ಅನ್ನೋದರ ಸುತ್ತ. ಎರಡನೇ ಕಂತು ಮೂರನೇ ದಿನ, ಮೂರನೆಯದು ಏಳು ತಿಂಗಳ ನಂತರ, ನಾಲ್ಕನೆಯದು ಹದಿಮೂರು ತಿಂಗಳ ನಂತರ. ಬರೆದವರು ಜ್ಯಾಕ್ ಥಾರ್ನ್ ಮತ್ತು ಸ್ಟೀಫನ್ ಗ್ರಹಾಂ. ಜೇಮಿಯ ಅಪ್ಪ ಎಡ್ಡಿ ಆಗಿ ನಟಿಸಿರೋರೂ ಗ್ರಹಾಂ ಅವರೇ. ನಿರ್ದೇಶನ ಫಿಲಿಪ್ ಬರಂಟೀನಿ, ಛಾಯಾಗ್ರಹಣ ಮ್ಯಾಥ್ಯೂ ಲೂಯಿಸ್.

ಒಂದೊಂದು ಕಂತೂ ಒಂದೇ ಟೇಕ್, ಅಂದರೆ ಎಲ್ಲೂ ಕಟ್ ಇಲ್ಲದೆ ಒಂದೇ ಓಟದಲ್ಲಿ ತೆಗೆದದ್ದು. ಕತ್ತಲ ಗೋಡೆ ಬಂದಾಗ, ಯಾರದೋ ಬೆನ್ನು ಅಡ್ಡ ಬಂದಾಗ ಗುಟ್ಟಾಗಿ ಕತ್ತರಿಸಿ ಅಂಟಿಸುವ ಉಪಾಯ ಸಿನಿಮಾದಲ್ಲಿ ಬಹಳ ಹಳೆಯದು. ಇಲ್ಲಿ ಅದನ್ನ ಬಳಸಿಲ್ಲ. ಕಂತು ಒಂದು ಗಂಟೆ ಇದ್ದರೆ ಕ್ಯಾಮೆರಾ ಓಡಿರೋದೂ ಸರಿಯಾಗಿ ಒಂದು ಗಂಟೆ.

ಇದನ್ನ ಸಾಧಿಸಿದ್ದು ಹೇಗೆ ಅಂದರೆ, ಕಂತಿಗೆ ಮೂರು ವಾರ. ಮೊದಲ ವಾರ ನಟರ ತಾಲೀಮು. ಎರಡನೇ ವಾರ ತಾಂತ್ರಿಕ ತಾಲೀಮು: ಕ್ಯಾಮೆರಾ ಯಾವ ಬಾಗಿಲಿಂದ ಒಳಗೆ, ಮೈಕ್ ಹಿಡಿದವರು ಎಲ್ಲಿ ಬಗ್ಗಬೇಕು, ಯಾವ ದೀಪ ಯಾವಾಗ ಇಳಿಯಬೇಕು. ಮೂರನೇ ವಾರ ಚಿತ್ರೀಕರಣ, ದಿನಕ್ಕೆ ಎರಡು ಟೇಕ್, ಐದು ದಿನ, ಒಟ್ಟು ಹತ್ತು. ಇದು ಕಾಗದದ ಮೇಲಿನ ಲೆಕ್ಕ. ಮಧ್ಯದಲ್ಲಿ ಕೈಬಿಟ್ಟ ಟೇಕ್‌ಗಳೂ ಸೇರಿ ಎಣಿಕೆ ಹತ್ತು ದಾಟಿತು. ಕೊನೆಗೆ ನಾವು ನೋಡ್ತಿರೋದು ಮೊದಲ ಕಂತಿನ 2ನೇ ಟೇಕ್, ಎರಡನೆಯದರ 13ನೇ, ಮೂರನೆಯದರ 11ನೇ, ನಾಲ್ಕನೆಯದರ 16ನೇ ಟೇಕ್.

ಈ ಅಂಕಿಗಳನ್ನ ಸುಮ್ಮನೆ ದಾಟಿ ಹೋಗಬೇಡಿ. ಮೊದಲ ಕಂತಲ್ಲಿ ಮನೆ, ಪೊಲೀಸ್ ವ್ಯಾನು, ಠಾಣೆ ಎಲ್ಲ ಇದೆ. ತೊಡಕು ಅಂತ ನೋಡಿದರೆ ಅದೇನು ಸಣ್ಣದಲ್ಲ. ಆದರೂ ಎರಡನೇ ಪ್ರಯತ್ನದ್ದೇ ಉಳಿಯಿತು. ಒಂದೇ ಟೇಕ್‌ನ ಕೆಲಸದಲ್ಲಿ ಇದು ಆಗಾಗ ಕಾಣುತ್ತೆ: ಚಲನೆ ಟೇಕ್‌ನಿಂದ ಟೇಕ್‌ಗೆ ಪಳಗುತ್ತೆ, ನಟನೆ ಒಂದು ಹಂತ ದಾಟಿದ ಮೇಲೆ ಬಾಯಿಪಾಠವಾಗುತ್ತೆ. ಎರಡೂ ಒಟ್ಟಿಗೆ ಸರಿಯಾಗೋ ಕಿಟಕಿ ಸಣ್ಣದು, ಅದು ಎಷ್ಟನೇ ಟೇಕ್‌ಗೆ ತೆರೆಯುತ್ತೆ ಅಂತ ಮೊದಲೇ ಹೇಳೋಕೆ ಆಗಲ್ಲ.

ಇನ್ನು ಕ್ಯಾಮೆರಾ. ಬಳಸಿದ್ದು ಡಿಜೆಐ ಕಂಪನಿಯ ರೋನಿನ್ 4ಡಿ. ಲೆನ್ಸ್ ಎಲ್ಲ ಸೇರಿ ನಾಲ್ಕೂವರೆ ಕೆಜಿ ಆಸುಪಾಸು. ನಡೆಯುವಾಗ ಕ್ಯಾಮೆರಾ ಕುಲುಕದ ಹಾಗೆ ಹಿಡಿಯೋ ಹಳೆಯ ಸಲಕರಣೆ ಸ್ಟೆಡಿಕ್ಯಾಮ್ ಯಾಕಲ್ಲ ಅನ್ನೋ ಪ್ರಶ್ನೆ ಬರಬಹುದು. ಸ್ಟೆಡಿಕ್ಯಾಮನ್ನ ಮೈಗೆ ಜಾಕೆಟ್ ಥರ ಬಿಗಿದುಕೊಳ್ಳಬೇಕು, ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ಅಷ್ಟು ಸುಲಭಕ್ಕೆ ದಾಟಲ್ಲ. ರೋನಿನ್ 4ಡಿಗೆ ಎರಡು ಹಿಡಿಗಳಿವೆ, ತಟ್ಟೆ ದಾಟಿಸಿದ ಹಾಗೆ ಕೈಯಿಂದ ಕೈಗೆ ಕೊಡಬಹುದು. ಲೂಯಿಸ್ ಮತ್ತು ಇನ್ನೊಬ್ಬ ಆಪರೇಟರ್ ಲೀ ಡೇವಿಡ್ ಬ್ರೌನ್ ಮಾಡಿದ್ದೂ ಅದನ್ನೇ. ಒಬ್ಬರು ಕಾರಿನಿಂದ ಇಳಿಯೋಕೆ ಆಗದ ಕಡೆ ಇನ್ನೊಬ್ಬರು ಹೊರಗೆ ಕಾಯ್ತಿರ್ತಾರೆ.

ಇನ್ನೊಂದು ಕಾರಣ ನಾಲ್ಕನೇ ಅಕ್ಷ. ಕ್ಯಾಮೆರಾ ಅಲುಗದ ಹಾಗೆ ಮೋಟರ್‌ನಿಂದ ಸರಿಮಾಡೋ ಹಿಡಿಕೆಗೆ ಗಿಂಬಲ್ ಅಂತಾರೆ. ಮಾಮೂಲಿ ಗಿಂಬಲ್‌ಗೆ ಮೂರು ಅಕ್ಷ. ಎಡ-ಬಲ, ಮೇಲೆ-ಕೆಳಗೆ ವಾಲೋದು, ಓರೆಯಾಗೋದು, ಇದನ್ನೆಲ್ಲ ಅದು ಸರಿಮಾಡುತ್ತೆ. ಆದರೆ ನಾವು ಹೆಜ್ಜೆ ಹಾಕಿದಾಗ ಇಡೀ ಕ್ಯಾಮೆರಾ ಒಂದಿಷ್ಟು ಎದ್ದು ಬೀಳುತ್ತಲ್ಲ, ಅದನ್ನ ತಡೆಯಲ್ಲ. ಮದುವೆ ವಿಡಿಯೊಗಳಲ್ಲಿ ಗಿಂಬಲ್ ಇದ್ದರೂ ಚಿತ್ರ ದೋಣಿಯಲ್ಲಿ ಕೂತ ಹಾಗೆ ತೇಲೋದು ಇದಕ್ಕೇ. ರೋನಿನ್ 4ಡಿಯ ಸ್ಪ್ರಿಂಗ್ ತೋಳು ಆ ಎದ್ದುಬೀಳುವಿಕೆಯನ್ನ ನುಂಗುತ್ತೆ. ಮೊದಲ ಕಂತಲ್ಲಿ ಪೊಲೀಸರ ಬೆನ್ನ ಹಿಂದೆ ಕ್ಯಾಮೆರಾ ಮೆಟ್ಟಿಲು ಹತ್ತೋದನ್ನ ನೋಡಿ. ಓಟ ಗೊತ್ತಾಗುತ್ತೆ, ಕುಲುಕಾಟ ಕಣ್ಣಿಗೆ ಚುಚ್ಚಲ್ಲ.

ದೂರದ ಲೆಕ್ಕವೂ ಇದೆ. ಠಾಣೆ ಅನ್ನೋದು ವೆಸ್ಟ್ ಯಾರ್ಕ್‌ಶೈರ್‌ನ ಸೌತ್ ಕರ್ಕ್‌ಬಿಯಲ್ಲಿ ಸ್ಟುಡಿಯೊ ಒಳಗೆ ಕಟ್ಟಿದ ಸೆಟ್. ಮಿಲ್ಲರ್ ಮನೆಗೆ ಬೇಕಾಗಿದ್ದು ಅಲ್ಲಿಂದ ಗಾಡಿಯಲ್ಲಿ ಕೆಲವೇ ನಿಮಿಷದ ದಾರಿಯಲ್ಲಿರೋ ನಿಜವಾದ ಮನೆ. ಹತ್ತು ಕಿಲೋಮೀಟರ್ ಆಚೆ ಎಷ್ಟೇ ಒಳ್ಳೆ ಮನೆ ಸಿಕ್ಕಿದ್ದರೂ ಉಪಯೋಗ ಇರ್ತಿರಲಿಲ್ಲ. ವ್ಯಾನಿನ ಪ್ರಯಾಣವನ್ನ ಕತ್ತರಿಸೋಕೆ ಆಗಲ್ಲ ಅಂದ ಮೇಲೆ, ಅಷ್ಟೂ ಹೊತ್ತಿಗೆ ಸಂಭಾಷಣೆ ಬರೆಯಬೇಕು. ಅಂದರೆ ಇಲ್ಲಿ ಸ್ಕ್ರಿಪ್ಟ್‌ನ ಪುಟಗಳನ್ನ ಅಳೆದದ್ದು ರಸ್ತೆ.

ಯಕ್ಷಗಾನ ನೋಡುವವರಿಗೆ ಇದು ಹೊಸದೇನಲ್ಲ. ವೇಷಧಾರಿ ಚೌಕಿಯಿಂದ ಬರೋದು ತಡವಾದರೆ ಭಾಗವತರು ಪದ್ಯ ಎಳೀತಾರೆ, ಚೆಂಡೆ ಇನ್ನೆರಡು ಸುತ್ತು ಬಾರಿಸುತ್ತೆ. ಇಲ್ಲೂ ಒಬ್ಬ ನಟ ಕಾರಿಡಾರ್‌ನಲ್ಲಿ ಹತ್ತು ಸೆಕೆಂಡು ಬೇಗ ನಡೆದುಬಿಟ್ಟರೆ ಮುಂದಿನ ಕೋಣೆಯವರು ಇನ್ನೂ ಸಿದ್ಧ ಇರಲ್ಲ. ಆ ಹತ್ತು ಸೆಕೆಂಡನ್ನ ತುಂಬಿಸಬೇಕಾದದ್ದು ಆ ಕ್ಷಣಕ್ಕೆ ಕ್ಯಾಮೆರಾ ಮುಂದೆ ಇರೋ ನಟ. ಎಡಿಟರ್ ಬಂದು ಕಾಪಾಡಲ್ಲ.

ಎರಡನೇ ಕಂತಿಗೆ ಬರೋಣ. ಎಲ್ಲರೂ ಮಾತಾಡಿದ್ದು ಇದರ ಡ್ರೋನ್ ಬಗ್ಗೆ. ನಿಜವಾದ ಶಾಲೆ, ಮುನ್ನೂರಕ್ಕೂ ಹೆಚ್ಚು ಮಕ್ಕಳು. ಮೊದಲು ಕಿಟಕಿ ನೋಡಿ. ರಯಾನ್ ಅನ್ನೋ ಹುಡುಗ ತರಗತಿಯ ಕಿಟಕಿಯಿಂದ ಹಾರ್ತಾನೆ, ಹಿಂದೆಯೇ ಪೊಲೀಸ್ ಅಧಿಕಾರಿ ಬ್ಯಾಸ್ಕಂಬ್, ಅಂದರೆ ಆಶ್ಲಿ ವಾಲ್ಟರ್ಸ್, ಅವರ ಹಿಂದೆ ನಮ್ಮ ಕಣ್ಣು. ಕ್ಯಾಮೆರಾ ಒಳಗಿನವರ ಕೈಯಿಂದ ಹೊರಗಿನವರ ಕೈಗೆ ಆ ಕಿಟಕಿಯಲ್ಲೇ ದಾಟುತ್ತೆ. ಕಿಟಕಿಗೆ ಗಾಜೇ ಇರಲಿಲ್ಲ. ನಮಗೆ ಕಾಣೋ ಗಾಜನ್ನ ಆಮೇಲೆ ಕಂಪ್ಯೂಟರ್‌ನಲ್ಲಿ ಕೂರಿಸಿದ್ದು. ‘ಒಂದೇ ಟೇಕ್’ ಅಂದರೆ ‘ಗ್ರಾಫಿಕ್ಸ್ ಇಲ್ಲ’ ಅಂತ ಅರ್ಥ ಅಲ್ಲ.

ಆಮೇಲೆ ಕೊನೆ. ಶಾಲೆಯ ಹೊರಗೆ, ರಸ್ತೆ ಪಕ್ಕದಲ್ಲಿ ಕ್ಯಾಮೆರಾವನ್ನ ಡ್ರೋನ್‌ಗೆ ಸಿಕ್ಕಿಸ್ತಾರೆ. ಅದು ಮೇಲೆದ್ದು ಮನೆಗಳ ಮೇಲಿಂದ ಸುಮಾರು ಅರ್ಧ ಕಿಲೋಮೀಟರ್ ಹಾರಿ ಕೊಲೆಯಾದ ಜಾಗಕ್ಕೆ ಹೋಗುತ್ತೆ. ಮೊದಲಿದ್ದ ಯೋಜನೆ ಆಕಾಶದಲ್ಲೇ ಮುಗಿಸೋದು. ಕೆಳಗೆ ಇಳಿಸಿ, ಹೂವು ಇಡೋಕೆ ಬಂದ ಎಡ್ಡಿಯ ಮುಖದ ಹತ್ತಿರಕ್ಕೆ ತರೋಣ ಅನ್ನೋ ಯೋಚನೆ ಆಮೇಲೆ ಬಂದದ್ದು. ಹಾರಿದ್ದಕ್ಕಿಂತ ಇಳಿಸಿದ್ದು ಕಷ್ಟ. ಡ್ರೋನ್‌ನಿಂದ ಕ್ಯಾಮೆರಾ ಬಿಡಿಸಿಕೊಳ್ಳುವಾಗ ಒಂದು ಜರ್ಕ್ ಕಂಡರೂ ಹಿಂದಿನ ಐವತ್ತು ನಿಮಿಷ ನೀರುಪಾಲು. ಗಾಳಿ ಜೋರಾಗಿದ್ದ ದಿನಗಳಲ್ಲಿ ಡ್ರೋನ್ ಏಳಿಸೋಕೇ ಆಗಲಿಲ್ಲ. ಇನ್ನೊಂದು ಸಣ್ಣ ವಿಷಯ: ಡ್ರೋನ್ ಹಾರುವಾಗ ಅದರ ರೆಕ್ಕೆ ಸದ್ದಿನಲ್ಲಿ ಸ್ಥಳದ ಧ್ವನಿ ದಾಖಲಿಸೋಕೆ ಆಗಲ್ಲ. ಆ ಜಾಗದಲ್ಲಿ ಮಕ್ಕಳ ವೃಂದಗಾನ ಬರುತ್ತೆ. ಭಾವಕ್ಕೂ ಆಯಿತು, ಧ್ವನಿ ವಿಭಾಗಕ್ಕೂ ಉಸಿರು ಬಂತು.

ಇಷ್ಟೆಲ್ಲ ಹೊಗಳಿದರೂ, ನಾಲ್ಕರಲ್ಲಿ ದುರ್ಬಲ ಕಂತು ಎರಡನೆಯದೇ. ಅಷ್ಟು ದೊಡ್ಡ ಶಾಲೆಯಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆ ಹೋಗೋಕೆ ಕಾಲು ಬೇಕು, ಸಮಯ ಬೇಕು. ಹಾಗಾಗಿ ಕಾರಿಡಾರ್ ನಡಿಗೆ ಜಾಸ್ತಿ. ಕೇಟಿಯ ಗೆಳತಿ ಜೇಡ್ ಹತ್ತಿರ ಇನ್ನೊಂದಿಷ್ಟು ಹೊತ್ತು ನಿಲ್ಲಬೇಕು ಅನಿಸುವಾಗಲೇ ಕ್ಯಾಮೆರಾ ಎದ್ದು ಹೊರಡುತ್ತೆ. ಕಟ್ ಇದ್ದಿದ್ದರೆ ಆ ಹುಡುಗಿಯ ಮನೆಗೂ ಹೋಗಬಹುದಿತ್ತು. ಒಂದೇ ಟೇಕ್‌ಗೆ ತೆರೋ ಬೆಲೆ ಇದು, ಸತ್ತ ಹುಡುಗಿಯ ಕಡೆಯ ಕಥೆ ನಮಗೆ ತೀರಾ ಕಡಿಮೆ ಸಿಗುತ್ತೆ.

ಅದೇ ನಿಯಮ ವರವಾಗೋದು ಮೊದಲ ಕಂತಿನ ಠಾಣೆಯಲ್ಲಿ. ಜೇಮಿಯ ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡ್ತಾರೆ. ಕ್ಯಾಮೆರಾ ಅತ್ತ ತಿರುಗಲ್ಲ. ಪಕ್ಕದಲ್ಲಿ ನಿಂತ ಅಪ್ಪನ ಮುಖದ ಮೇಲೆ ನಿಂತುಬಿಡುತ್ತೆ. ಮಗನಿಗೆ ಏನು ಮಾಡೋಕೆ ಹೇಳ್ತಿದ್ದಾರೆ ಅಂತ ಬರೀ ಕಿವಿಗೆ ಬೀಳುತ್ತೆ. ಆ ಮುಖದಿಂದ ನಮ್ಮನ್ನ ಬಿಡಿಸೋ ಕಟ್ ಬರಲ್ಲ ಅಂತ ಅಷ್ಟೊತ್ತಿಗೆ ನಮಗೂ ಗೊತ್ತಾಗಿರುತ್ತೆ, ಅದಕ್ಕೇ ಉಸಿರು ಕಟ್ಟುತ್ತೆ.

ಮೂರನೇ ಕಂತು ಬೇರೆಯದೇ ಮಾತು. ಹೆಚ್ಚುಕಮ್ಮಿ ಒಂದೇ ಕೋಣೆ, ಒಂದು ಮೇಜು, ಇಬ್ಬರು: ಜೇಮಿ, ಮತ್ತೆ ಅವನ ಬಗ್ಗೆ ನ್ಯಾಯಾಲಯಕ್ಕೆ ವರದಿ ಬರೆಯೋ ಮನೋತಜ್ಞೆ ಬ್ರಯೊನಿ. ವಿಚಿತ್ರ ಅಂದರೆ ಮೊದಲು ಚಿತ್ರಿಸಿದ್ದು ಇದನ್ನೇ. ಜೇಮಿಯಾದ ಓವೆನ್ ಕೂಪರ್‌ಗೆ ನಟನೆಯ ಮೊದಲ ಕೆಲಸವೇ ಇದು, ಆಗ ವಯಸ್ಸು 14. ಮುಂದೆ 2025ರ ಸೆಪ್ಟೆಂಬರ್‌ನಲ್ಲಿ 15ನೇ ವಯಸ್ಸಿಗೆ ಅಮೆರಿಕದ ಟಿವಿ ಪ್ರಶಸ್ತಿ ಎಮ್ಮಿ ಗೆದ್ದ. ನಟನೆಗೆ ಎಮ್ಮಿ ಪಡೆದ ಪುರುಷರಲ್ಲಿ ಅತಿ ಕಿರಿಯ. ಬ್ರಯೊನಿಯಾದ ಎರಿನ್ ಡೊಹರ್ಟಿ, ಗ್ರಹಾಂ, ಬರಂಟೀನಿ ಅವರಿಗೂ ಎಮ್ಮಿ ಬಂತು, ಛಾಯಾಗ್ರಹಣಕ್ಕೂ ಬಂತು.

ಈ ಕಂತಲ್ಲಿ ಕೈಗಳನ್ನ ನೋಡಿ. ಯಂತ್ರದಿಂದ ಹಾಟ್ ಚಾಕೊಲೇಟ್ ಹಿಡಿದು ಬ್ರಯೊನಿ ತನ್ನ ಚೀಲದಿಂದ ಮಾರ್ಷ್‌ಮ್ಯಾಲೊ ತೆಗೆದು ಹಾಕ್ತಾಳೆ. ಹುಡುಗನಿಗೆ ಇಷ್ಟ ಅಂತ ಗೊತ್ತು, ತಂದಿದ್ದಾಳೆ. ಅರ್ಧ ಸ್ಯಾಂಡ್‌ವಿಚ್ ಕೊಡ್ತಾಳೆ, ಅದರೊಳಗಿನ ಪಿಕಲ್ ತನಗೆ ಸೇರಲ್ಲ ಅಂತಾನೆ ಅವನು. ಕಂತಿನ ಕೊನೆಗೆ, ಅವನನ್ನ ಎಳಕೊಂಡು ಹೋದ ಮೇಲೆ, ಅವನು ಕಚ್ಚಿಟ್ಟ ಆ ಸ್ಯಾಂಡ್‌ವಿಚ್ ಮುಟ್ಟೋಕೂ ಅವಳ ಕೈ ಹಿಂಜರಿಯುತ್ತೆ. ಮಾಮೂಲಿ ಚಿತ್ರೀಕರಣದಲ್ಲಿ ತಿಂಡಿಯ ಅಳತೆ ದೊಡ್ಡ ತಲೆನೋವು: ಈ ಶಾಟ್‌ನಲ್ಲಿ ಎರಡು ಕಚ್ಚು, ಮುಂದಿನದರಲ್ಲಿ ಪೂರ್ತಿ ಸ್ಯಾಂಡ್‌ವಿಚ್. ಇಲ್ಲಿ ಕಚ್ಚಿದ್ದು ಕಚ್ಚಿದ್ದೇ.

ಆಕಳಿಕೆಯೂ ಹಾಗೇ. ಮಧ್ಯದಲ್ಲಿ ಜೇಮಿ ಆಕಳಿಸ್ತಾನೆ, ‘ನಿನಗೆ ಬೇಜಾರಾಗ್ತಿದೆಯಾ’ ಅನ್ನೋ ಅರ್ಥದಲ್ಲಿ ಬ್ರಯೊನಿ ಕೇಳ್ತಾಳೆ. ಹುಡುಗನಿಗೆ ನಿಜವಾಗಲೂ ಆಕಳಿಕೆ ಬಂದದ್ದು, ಡೊಹರ್ಟಿ ಆಗಿಂದಾಗಲೇ ಹಿಡಿದ ಮಾತದು. ಕಟ್ ಇರೋ ಸರಣಿಯಲ್ಲಾದರೆ ಅದು ಕಸದ ಬುಟ್ಟಿಗೆ ಹೋಗ್ತಿತ್ತು.

ಮೊಬೈಲಲ್ಲೇ ಇಂಥ ಒಂದೇ ಟೇಕ್ ತೆಗೆದು ಒಂದು ಕೈ ನೋಡೋಣ ಅನ್ನೋರಿಗೆ ಈಗ. ಐದು ನಿಮಿಷ ಸಾಕು, ಅದಕ್ಕಿಂತ ಜಾಸ್ತಿಗೆ ಹೋಗಬೇಡಿ. ಮೊದಲು ಫೋನನ್ನ ಏರ್‌ಪ್ಲೇನ್ ಮೋಡ್‌ಗೆ ಹಾಕಿ. ನಾಲ್ಕನೇ ನಿಮಿಷಕ್ಕೆ ಕೊರಿಯರ್‌ನವರ ಕರೆ ಬಂದರೆ ಎಲ್ಲ ಹೋಯಿತು. 4ಕೆ, ಸೆಕೆಂಡಿಗೆ 30 ಫ್ರೇಮ್‌ನಲ್ಲಿ ನಿಮಿಷಕ್ಕೆ 170ರಿಂದ 350 ಎಂಬಿ ಹಿಡಿಯುತ್ತೆ. ಹತ್ತು ಟೇಕ್ ಅಂದರೆ 17 ಜಿಬಿವರೆಗೂ ಹೋಗಬಹುದು, ಜಾಗ ಮೊದಲೇ ಖಾಲಿ ಮಾಡಿಕೊಳ್ಳಿ.

ಎಲ್ಲರೂ ಎಡವೋದು ಬಾಗಿಲಲ್ಲಿ. ನಡುಮನೆಯಿಂದ ಬಿಸಿಲಿಗೆ ಕಾಲಿಟ್ಟರೆ ಬೆಳಕು ನೂರಾರು ಪಟ್ಟು ಏರುತ್ತೆ. ಎಕ್ಸ್‌ಪೋಷರ್, ಅಂದರೆ ಫೋನ್ ಎಷ್ಟು ಬೆಳಕು ತಗೋಬೇಕು ಅನ್ನೋದನ್ನ, ಒಳಗೇ ಲಾಕ್ ಮಾಡಿದರೆ ಹೊರಗೆಲ್ಲ ಬಿಳಿ ಹಾಳೆ. ಲಾಕ್ ಮಾಡದಿದ್ದರೆ ಚಿತ್ರ ಕಣ್ಣು ಮಿಟುಕಿಸಿದ ಹಾಗೆ ಒಮ್ಮೆ ಕುಂದಿ ಸರಿಯಾಗುತ್ತೆ, ನೋಡುಗರಿಗೆ ಫೋನ್ ನೆನಪಾಗುತ್ತೆ. ಸೂರ್ಯ ಮುಳುಗಿದ ಮೇಲಿನ ಹದಿನೈದು-ಇಪ್ಪತ್ತು ನಿಮಿಷದಲ್ಲಿ ಒಳಗಿನ ದೀಪ, ಹೊರಗಿನ ಬೆಳಕು ಹತ್ತಿರ ಹತ್ತಿರ ಬರುತ್ತೆ, ಆಗ ತೆಗೆಯಿರಿ. ಆ ಹೊತ್ತಿಗೆ ಸಿಗೋದು ಎರಡೇ ಟೇಕ್, ಹಾಗಾಗಿ ತಾಲೀಮು ಮಧ್ಯಾಹ್ನವೇ ಮುಗಿದಿರಲಿ. ಮ್ಯಾನ್ಯುಯಲ್ ಆಯ್ಕೆ ಇದ್ದರೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಇಡಿ. ನಮ್ಮ ಕರೆಂಟು 50 ಹರ್ಟ್ಸ್. 24 ಫ್ರೇಮ್, 1/48 ಇಟ್ಟರೆ ಟ್ಯೂಬ್‌ಲೈಟ್ ಕೆಳಗೆ ಚಿತ್ರದ ಮೇಲೆ ಪಟ್ಟೆ ಓಡಬಹುದು.

ನಡೆಯುವಾಗ ಮಂಡಿ ಸ್ವಲ್ಪ ಬಗ್ಗಿರಲಿ, ಹಿಮ್ಮಡಿ ಮೊದಲು ಊರಿ ಬೆರಳಿಗೆ ಉರುಳಿಸಿ. ಹಿಂದಕ್ಕೆ ನಡೆಯಬೇಕಾದ ಕಡೆ ಒಬ್ಬರು ನಿಮ್ಮ ಸೊಂಟ ಹಿಡಿದು ನಡೆಸಬೇಕು, ಮಾತಿಲ್ಲದೆ, ಬರೀ ಒತ್ತಡದಲ್ಲಿ. ನಟರು ನಿಲ್ಲೋ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಕ್ಯಾಮೆರಾ ಅಲ್ಲಿ ನೆಲ ನೋಡದಂತೆ ನೋಡಿಕೊಳ್ಳಿ. ಕಾಲರ್ ಮೈಕನ್ನ ಬಟ್ಟೆಗೆ ಬರೀ ಸಿಕ್ಕಿಸಿದರೆ ಗರಗರ ಅನ್ನುತ್ತೆ; ತಂತಿಯನ್ನ ಸಣ್ಣ ಕುಣಿಕೆ ಮಾಡಿ ಒಳಗಡೆಯಿಂದ ಟೇಪ್ ಹಚ್ಚಿ. ಮಿಕ್ಸಿ, ಫ್ರಿಜ್, ಫ್ಯಾನ್ ಎಲ್ಲ ಆಫ್. ಫ್ರಿಜ್ ಆಫ್ ಮಾಡಿದ್ದು ಮರೆತುಹೋಗದ ಹಾಗೆ ಬೈಕ್ ಕೀಲಿ ಅದರೊಳಗೇ ಇಡಿ.

ಎರಡನೇ ಟೇಕ್ ಚೆನ್ನಾಗಿ ಬಂತು ಅನಿಸಿದರೂ ಮಾರನೇ ಸಂಜೆ ಇನ್ನೆರಡು ತೆಗೆಯಿರಿ, ಯಾವುದನ್ನೂ ಅಲ್ಲೇ ಅಳಿಸಬೇಡಿ. ಅದರ ಮಾರನೇ ದಿನ ಮೊದಲು ಧ್ವನಿ ಮುಚ್ಚಿ ಒಂದು ಸಲ ನೋಡಿ, ಆಮೇಲೆ ಕಣ್ಣು ಮುಚ್ಚಿ ಒಂದು ಸಲ ಕೇಳಿ, ಆಮೇಲೆ ಆರಿಸಿ.